ಬೋರ್ಡು ಆಮೇಲೆ, ಮೊದಲು ಬಿಲ್ಲು

ಓದುಗರ ಪತ್ರ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಮಡಿಕೇರಿ ತಾಲ್ಲೂಕಿನಲ್ಲಿ ನಮ್ಮದು ಹದಿನಾಲ್ಕು ಎಕರೆ ತೋಟ. ಅರೇಬಿಕಾ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಪಲ್ಪ್ ಮಾಡುತ್ತೇವೆ, ಸ್ವಲ್ಪ ರೊಬಸ್ಟಾ ಇದೆ. ಜೊತೆಗೆ ಆರು ಕೋಣೆಗಳ ಹೋಂಸ್ಟೇ. ಕುಶಾಲನಗರದಲ್ಲಿ ತಮ್ಮನ ಕಾಫಿ ಪುಡಿ ಘಟಕ ಇದೆ. ನಮ್ಮಲ್ಲಿಗೆ ಸಿಬ್ಬಂದಿಯನ್ನು ಕರೆತರುವ ಬೆಂಗಳೂರಿನ ಕಂಪನಿಯೊಂದು ಈ ಸಲ ಬುಕಿಂಗ್‌ಗೆ ಮೊದಲು ‘ನಿಮ್ಮ ಕಾರ್ಬನ್ ಲೆಕ್ಕ ಕೊಡಿ’ ಎಂದಿದೆ. ಅದೇ ಹೊತ್ತಿಗೆ ಒಬ್ಬರು ಬಂದು, ಹಣ ಕಟ್ಟಿದರೆ ಹದಿನೈದು ದಿನದಲ್ಲಿ ‘ಕಾರ್ಬನ್ ನ್ಯೂಟ್ರಲ್’ (ಬಿಟ್ಟಷ್ಟು ಇಂಗಾಲವನ್ನು ತೂಗಿಸಿದ್ದೀರಿ ಎಂಬ) ಸರ್ಟಿಫಿಕೇಟು, ಗೇಟಿಗೆ ಹಾಕುವ ಬೋರ್ಡು ಎರಡೂ ಕೊಡುತ್ತೇವೆ ಎಂದರು. ಇಷ್ಟೊಂದು ಮರ ಇರುವಾಗ ನಾವು ಈಗಾಗಲೇ ನ್ಯೂಟ್ರಲ್ ಅಲ್ಲವೇ? ಬೋರ್ಡು ತೆಗೆದುಕೊಳ್ಳಬಹುದೇ? ವರ್ಷದ ಬಿಲ್ಲುಗಳ ವಿವರ ಜೊತೆಗಿದೆ.

ಸಂಪಾದಕರ ಉತ್ತರ

ಬೋರ್ಡು ತೆಗೆದುಕೊಳ್ಳಬೇಡಿ. ಆದರೆ ಕಂಪನಿ ಕೇಳಿದ ಲೆಕ್ಕವನ್ನು ಖಂಡಿತ ಕೊಡಿ. ಅದಕ್ಕೆ ಬೇಕಾದದ್ದು ನಿಮ್ಮ ಹತ್ತಿರ ಆಗಲೇ ಇದೆ. ಬಿಲ್ಲುಗಳನ್ನು ಜೋಪಾನ ಮಾಡಿಟ್ಟಿದ್ದೀರಿ, ಅರ್ಧ ಕೆಲಸ ಅಲ್ಲೇ ಮುಗಿದಿದೆ.

ಕಂಪನಿ ಯಾಕೆ ಕೇಳುತ್ತಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಷೇರು ಪೇಟೆಯಲ್ಲಿರುವ ದೊಡ್ಡ 1000 ಕಂಪನಿಗಳು ಪರಿಸರದ ಬಗ್ಗೆ ವರ್ಷಕ್ಕೊಮ್ಮೆ ವರದಿ ಕೊಡಲೇಬೇಕು ಎಂದು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ತಾವು ಸುಡುವ ಇಂಧನದ ಲೆಕ್ಕ ಬರೆದ ಮೇಲೆ ಅವರ ಕಣ್ಣು ತಾವು ಕೊಳ್ಳುವ ಸರಕು, ಉಳಿದುಕೊಳ್ಳುವ ಜಾಗದ ಕಡೆಗೆ ತಿರುಗುತ್ತದೆ. ನೀವು ಅವರ ಪಟ್ಟಿಯಲ್ಲಿ ಒಂದು ಸಾಲು. ಆ ಸಾಲಿನಲ್ಲಿ ಅವರಿಗೆ ಬೇಕಾಗಿರುವುದು ಅಂಕಿ, ಬೋರ್ಡಿನ ಫೋಟೋ ಅಲ್ಲ.

ಲೆಕ್ಕ ಬರೆಯುವ ಕ್ರಮಕ್ಕೆ ಜಿಎಚ್‌ಜಿ ಪ್ರೋಟೋಕಾಲ್ (ಹಸಿರುಮನೆ ಅನಿಲಗಳ ಲೆಕ್ಕದ ನಿಯಮ) ಅನ್ನುತ್ತಾರೆ. 2001ರಿಂದ ಜಗತ್ತಿನ ಕಂಪನಿಗಳು ಹೆಚ್ಚಾಗಿ ಬಳಸುವುದು ಇದನ್ನೇ. ಅದರಲ್ಲಿ ಮೂರು ಖಾನೆ. ನೀವೇ ಸುಡುವ ಡೀಸೆಲ್, ಗ್ಯಾಸ್ ಒಂದರಲ್ಲಿ. ಕೊಳ್ಳುವ ಕರೆಂಟು ಎರಡನೆಯದರಲ್ಲಿ. ನಿಮ್ಮ ವ್ಯವಹಾರಕ್ಕಾಗಿ ಬೇರೆಯವರ ಕೈಯಲ್ಲಿ ಆಗುವುದೆಲ್ಲ ಮೂರನೆಯದರಲ್ಲಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್. 19 ಕೆ.ಜಿ.ಯ ಒಂದು ಕಮರ್ಷಿಯಲ್ ಸಿಲಿಂಡರಿಗೆ ಹತ್ತಿರ ಹತ್ತಿರ 57 ಕೆ.ಜಿ. ನಮ್ಮ ದೇಶದ ಗ್ರಿಡ್‌ನ ಕರೆಂಟಿಗೆ ಯೂನಿಟ್‌ಗೆ ಸುಮಾರು 0.7 ಕೆ.ಜಿ.; ಕೇಂದ್ರ ವಿದ್ಯುತ್ ಪ್ರಾಧಿಕಾರ ಇದನ್ನು ವರ್ಷ ವರ್ಷ ಪ್ರಕಟಿಸುತ್ತದೆ.

ಈಗ ನಿಮ್ಮ ಬಿಲ್ಲುಗಳಿಗೆ ಬರೋಣ. ಹೋಂಸ್ಟೇಗೆ ತಿಂಗಳಿಗೆ ಸರಾಸರಿ 900 ಯೂನಿಟ್ ಕರೆಂಟು: ವರ್ಷಕ್ಕೆ 7,560 ಕೆ.ಜಿ. ಸಿಲಿಂಡರ್ ತಿಂಗಳಿಗೆ ಎರಡು: 1,368 ಕೆ.ಜಿ. ಮಳೆಗಾಲದ ನಾಲ್ಕು ತಿಂಗಳು ಜನರೇಟರಿಗೆ 240 ಲೀಟರ್ ಡೀಸೆಲ್: ಸುಮಾರು 643 ಕೆ.ಜಿ. ಜೀಪಿಗೆ ತಿಂಗಳಿಗೆ 100 ಲೀಟರ್: 3,216 ಕೆ.ಜಿ. ಎಲ್ಲ ಕೂಡಿದರೆ ಹನ್ನೆರಡೂಮುಕ್ಕಾಲು ಟನ್ ಚಿಲ್ಲರೆ. ತೋಟದ್ದು ಇನ್ನೂ ಸೇರಿಲ್ಲ.

ಗಮನಿಸಿದಿರಾ? ಗದ್ದಲ ಮಾಡಿ ಹೊಗೆ ಬಿಡುವ ಜನರೇಟರಿನ ಪಾಲು ಇದರಲ್ಲಿ ತೀರಾ ಕಡಿಮೆ. ಸದ್ದಿಲ್ಲದೆ ಉರಿಯುವ ಕರೆಂಟೇ ಅರ್ಧಕ್ಕಿಂತ ಜಾಸ್ತಿ. ಆರು ಕೋಣೆಗೆ ಆರು ಗೀಸರ್, ಒಂದೊಂದೂ 2 ಕಿಲೋವಾಟ್ ಎಂದು ಬರೆದಿದ್ದೀರಿ. ದಿನಕ್ಕೆ ಒಂದೂವರೆ ಗಂಟೆ ಉರಿದರೂ 18 ಯೂನಿಟ್ ಆಯಿತು. ಕೋಣೆಗಳೆಲ್ಲ ತುಂಬಿದ ತಿಂಗಳು ಬರೀ ಸ್ನಾನದ ನೀರಿಗೇ 540 ಯೂನಿಟ್. ನೀವು ಮೊದಲು ಕೈ ಹಾಕಬೇಕಾದ್ದು ಇಲ್ಲಿಗೆ. ಸೋಲಾರ್ ಹೀಟರ್ ಒಳ್ಳೆಯದೇ, ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಸೂರ್ಯನನ್ನು ನಂಬಿ ನೀರು ಕಾಯಿಸಲು ಆಗುವುದಿಲ್ಲ. ಹೀಟ್ ಪಂಪ್ ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರು ಕಾಯಿಸುತ್ತದೆ. ಸಾಮಾನ್ಯವಾಗಿ ಗೀಸರಿನ ಮೂರನೇ ಒಂದು ಭಾಗದ ಕರೆಂಟು ಸಾಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಬೋರ್ಡಿಗೆ ಕೇಳಿದ ಹಣವನ್ನು ಇದಕ್ಕೆ ಹಾಕುತ್ತಿದ್ದೆ.

ತೋಟದ ಲೆಕ್ಕ ಬೇರೆ ಥರದ್ದು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟಾಗ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಆ ಪಂಪಿನ ಡೀಸೆಲ್ ಬರೆದಿಡಿ. ಗೊಬ್ಬರದ ಚೀಲಗಳನ್ನೂ ಬರೆದಿಡಿ. ಮಣ್ಣಿಗೆ ಬಿದ್ದ ಸಾರಜನಕದ ಒಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದರ ಬಿಸಿ ಏರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು. ಜಗತ್ತಿನಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕದ ಪ್ರಕಾರ 45 ಕೆ.ಜಿ.ಯ ಒಂದು ಯೂರಿಯಾ ಚೀಲಕ್ಕೆ ಇದೊಂದೇ ಬಾಬ್ತು ಹತ್ತಿರ ಹತ್ತಿರ 90 ಕೆ.ಜಿ. ಆಗುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಅಂದಾಜಿನಲ್ಲಿ ಎರಚಿದ ಪ್ರತಿ ಚೀಲಕ್ಕೂ ದುಡ್ಡೂ ದಂಡ, ಗಾಳಿಗೂ ದಂಡ.

ಇನ್ನು ಪಲ್ಪರ್. ಡಿಸೆಂಬರ್‌ನಲ್ಲಿ ಪಲ್ಪಿಂಗ್ ನಡೆಯುವ ದಿನ ನೀರು ಹೋಗಿ ನಿಲ್ಲುವ ಗುಂಡಿಯ ಬಳಿ ಹೋಗಿ ನೋಡಿ. ಕಂದು ನೀರು, ಮೇಲೆ ನೊರೆ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಪಕ್ಕದಲ್ಲಿ ಸಿಪ್ಪೆಯ ರಾಶಿ, ಕೆಂಪು ಮಾಸಿ ಕಪ್ಪಾಗುತ್ತಿರುತ್ತದೆ. ಕೋಲು ಹಾಕಿ ತೆಗೆದರೆ ಒಳಗೆ ಬಿಸಿ ಹಬೆ. ಆ ನೀರು, ಆ ರಾಶಿ ಗಾಳಿ ಆಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಲಶಾಲಿ. ಯಾವ ಬಿಲ್ಲಿನಲ್ಲೂ ಇದು ಕಾಣಿಸುವುದಿಲ್ಲ, ಹಾಗಾಗಿ ಎಷ್ಟೋ ತೋಟದವರು ಬರೆಯುವುದೇ ಇಲ್ಲ. ನೀವು ಬರೆಯಿರಿ. ಸಿಪ್ಪೆಯನ್ನು ಸಗಣಿ, ತರಗೆಲೆ ಸೇರಿಸಿ ರಾಶಿ ಹಾಕಿ ಆಗಾಗ ತಿರುವಿ ಹಾಕಿದರೆ ಗಾಳಿ ಆಡುತ್ತದೆ, ಒಳ್ಳೆ ಗೊಬ್ಬರವೂ ಆಗುತ್ತದೆ. ಅಷ್ಟು ಯೂರಿಯಾ ಉಳಿಯಿತು. ಕಡಿಮೆ ನೀರು ಕುಡಿಯುವ ಪಲ್ಪರ್‌ಗಳು ಈಗ ಬಂದಿವೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆಯಲ್ಲ, ಹೊಸ ಯಂತ್ರಕ್ಕೆ ದುಡ್ಡು ಹಾಕುವ ಮೊದಲು ಅಲ್ಲಿ ಒಂದು ಮಾತು ಕೇಳಿ.

ಮರಗಳ ಪ್ರಶ್ನೆಗೆ ಬರುತ್ತೇನೆ. ಇದರಲ್ಲಿ ನಿಮಗೆ ಬೇಸರ ಆಗಬಹುದು. ನಿಮ್ಮ ತೋಟದ ಹಲಸು, ಅತ್ತಿ, ನಂದಿ ಮರಗಳು ಅಜ್ಜನ ಕಾಲದಿಂದ ಕೂಡಿಟ್ಟ ಇಂಗಾಲ ನಿಜವಾಗಿಯೂ ದೊಡ್ಡದು. ಆದರೆ ಅದು ಈ ವರ್ಷದ ಜೀಪಿನ ಡೀಸೆಲ್ಲಿಗೆ ವಜಾ ಆಗುವುದಿಲ್ಲ. ಆ ಮರಗಳು ನೀವು ಸಂಕಲ್ಪ ಮಾಡಿದರೂ ಮಾಡದಿದ್ದರೂ ಅಲ್ಲೇ ಇರುತ್ತಿದ್ದವು. ಹೊಸದಾಗಿ ಏನೂ ಆಗದೆ ‘ತೂಗಿಸಿದೆವು’ ಎಂದರೆ ಗಾಳಿಗೆ ಹೋದ ಹೊಗೆಯಲ್ಲಿ ಒಂದು ಗ್ರಾಂ ಕೂಡ ಕಡಿಮೆ ಆಗಿರುವುದಿಲ್ಲ. ಅದಕ್ಕೇ ಮರದ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಯಾವ ಜಾತಿ, ಎಷ್ಟು ಮರ, ಎಷ್ಟು ಸುತ್ತಳತೆ. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡಿಸುವಾಗಲೇ ತೋಟದ ರೈಟರ್ ಕೈಲಿ ಒಂದು ಪುಸ್ತಕ ಕೊಟ್ಟರೆ ಈ ಕೆಲಸ ಆಗಿಬಿಡುತ್ತದೆ. ಕಾಡು ಮರ ಕಡಿದು ಬರೀ ಸಿಲ್ವರ್ ಓಕ್ ನೆಡುವ ಆಸೆ ಬಂದಾಗ ಈ ಪುಸ್ತಕ ನಿಮ್ಮ ಕೈ ಹಿಡಿದು ನಿಲ್ಲಿಸಲಿ ಎಂದು ನನ್ನ ಹಾರೈಕೆ. ಆಗಸ್ಟ್ 2018ರಲ್ಲಿ ಬೆಟ್ಟಗಳು ಕುಸಿದದ್ದನ್ನು ಕಂಡ ಊರಿನವರು ನಾವು. ಬೇರು ಬಿಟ್ಟ ಮರದ ಬೆಲೆ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

‘ಕಾರ್ಬನ್ ನ್ಯೂಟ್ರಲ್’ ಬೋರ್ಡಿಗೆ ಕಾನೂನಿನ ತೊಡಕೂ ಇದೆ. ಸುಳ್ಳು ಹಸಿರು ಮಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪರಿಸರಸ್ನೇಹಿ, ಕಾರ್ಬನ್ ನ್ಯೂಟ್ರಲ್ ಅನ್ನುವಂಥ ಮಾತು ಜಾಹೀರಾತಿನಲ್ಲಿ ಹಾಕಿದರೆ ಅದಕ್ಕೆ ಆಧಾರ ತೋರಿಸಬೇಕು. ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ನೀವು, ಬೋರ್ಡು ಮಾರಿದವರಲ್ಲ.

ಹಾಗಾದರೆ ಮನ್ನಣೆ ಎಲ್ಲಿಂದ? ದಾರಿಗಳಿವೆ. ಎಸ್‌ಎಂಇ ಕ್ಲೈಮೇಟ್ ಹಬ್ ಎಂಬ ವ್ಯವಸ್ಥೆ 2020ರಲ್ಲಿ ಶುರುವಾಯಿತು. ಸಣ್ಣ ವ್ಯವಹಾರದವರು ಅಲ್ಲಿ ಶುಲ್ಕವಿಲ್ಲದೆ ಸಂಕಲ್ಪ ದಾಖಲಿಸಬಹುದು: 2030ರೊಳಗೆ ಅರ್ಧಕ್ಕೆ ಇಳಿಸುತ್ತೇವೆ, 2050ರೊಳಗೆ ನೆಟ್ ಜೀರೋ (ಬಿಡುವುದೂ ಹೀರುವುದೂ ಸಮ) ಮುಟ್ಟುತ್ತೇವೆ, ವರ್ಷ ವರ್ಷ ವರದಿ ಕೊಡುತ್ತೇವೆ. ಹೋಂಸ್ಟೇಗೆ ಇದು ಸರಿಹೊಂದುತ್ತದೆ. ತಮ್ಮನ ಪುಡಿ ಘಟಕಕ್ಕೆ ಕೇಂದ್ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಸಚಿವಾಲಯದ ಝೆಡ್ ಪ್ರಮಾಣಪತ್ರ ಇದೆ, ಸರಕಿನಲ್ಲಿ ದೋಷ ಬೇಡ, ಪರಿಸರಕ್ಕೆ ಹಾನಿ ಬೇಡ ಅನ್ನುವುದು ಅದರ ತಿರುಳು. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಮೆಟ್ಟಿಲು. 2022ರಲ್ಲಿ ಹೊಸ ರೂಪದಲ್ಲಿ ಬಂದಾಗ ಅತಿ ಸಣ್ಣ ಘಟಕಕ್ಕೆ ಶುಲ್ಕದಲ್ಲಿ ಶೇ. 80 ರಿಯಾಯಿತಿ ಇಟ್ಟಿದ್ದರು. ಅರ್ಜಿ ಹಾಕುವಾಗ ಈಗಿನ ದರ ವಿಚಾರಿಸಿ. ಅದಕ್ಕೆ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ಪಟ್ಟಿ) ನೋಂದಣಿ ಬೇಕು. ಕಾಫಿಗೆ ರೇನ್‌ಫಾರೆಸ್ಟ್ ಅಲಯನ್ಸ್ ಎಂಬ ಸಂಸ್ಥೆಯ ಪರಿಸರ ಪ್ರಮಾಣೀಕರಣವನ್ನು ಒಬ್ಬರೇ ಮಾಡಿಸುವುದು ಹೊರೆ. ಅಕ್ಕಪಕ್ಕದ ಸಣ್ಣ ಬೆಳೆಗಾರರು ಸೇರಿ ಗುಂಪಾಗಿ ಮಾಡಿಸಬಹುದು.

ಯುರೋಪಿಗೆ ಹೋಗುವ ಕಾಫಿಗೆ ಇನ್ನೊಂದು ಮಾತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವಂತಿಲ್ಲ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿ ದಿನಾಂಕ ಮುಂದೆ ಹೋಗಿದೆ, ಆದರೆ ಕೊಳ್ಳುವವರು ತೋಟದ ಜಿಪಿಎಸ್ ಗುರುತು ಕೇಳಲು ಶುರು ಮಾಡಿದ್ದಾರೆ. ಜಾಗ 4 ಹೆಕ್ಟೇರ್ ದಾಟಿದರೆ, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ, ಒಂದು ಬಿಂದು ಸಾಲದು, ಸುತ್ತಲಿನ ಗಡಿಯೇ ಬೇಕು. ನಿಮ್ಮದು ಹದಿನಾಲ್ಕು ಎಕರೆ. ಒಂದೇ ತುಂಡಾಗಿದ್ದರೆ ಈಗಲೇ ಅಳತೆ ಮಾಡಿಸಿಟ್ಟುಕೊಳ್ಳಿ.

ಸಂಕಲ್ಪ ಬರೆಯುವಾಗ ಒಂದು ಎಚ್ಚರ. ಒಟ್ಟು ಟನ್ ಜೊತೆಗೆ ಒಬ್ಬ ಅತಿಥಿಯ ಒಂದು ರಾತ್ರಿಗೆ ಎಷ್ಟು ಎಂದೂ ಬರೆಯಿರಿ. 2018, 2019ರ ಮಳೆಯಲ್ಲಿ ನಮ್ಮ ಕೋಣೆಗಳೆಲ್ಲ ಖಾಲಿ ಬಿದ್ದವಲ್ಲ, ಅಂಥ ವರ್ಷ ಹೊಗೆಯೂ ತಾನಾಗಿ ಇಳಿಯುತ್ತದೆ. ಅದನ್ನು ಸಾಧನೆ ಅಂತ ತೋರಿಸುವುದು ಸರಿಯಲ್ಲ, ಅಲ್ವಾ? ಅತಿಥಿ ಬರುವ ಕಾರಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಬೆಂಗಳೂರಿನಿಂದ ಬಂದು ಹೋಗಲು ಐನೂರು ಕಿಲೋಮೀಟರ್ ಮೇಲಾಗುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರಿಗೆ ಸುಮಾರು 80 ಕೆ.ಜಿ. ಒಂದು ರಾತ್ರಿಗೆ ಬಂದು ಓಡುವವರಿಗಿಂತ ಮೂರು ರಾತ್ರಿ ಇರುವವರಿಗೆ ದರ ಇಳಿಸಿ. ಆ ಕಂಪನಿಯವರಿಗೆ ಹತ್ತು ಕಾರಿನ ಬದಲು ಒಂದು ಬಸ್ಸಿನಲ್ಲಿ ಬನ್ನಿ ಎಂದು ನೀವೇ ಹೇಳಿ. ಅವರ ವರದಿಗೂ ಅನುಕೂಲ, ನಮ್ಮ ಘಾಟಿ ರಸ್ತೆಗೂ ಅನುಕೂಲ.

ಕೊನೆಯದಾಗಿ, ಇದನ್ನು ಒಬ್ಬರೇ ಮಾಡಬೇಡಿ. ನಿಮ್ಮ ಊರಿನ ನಾಲ್ಕು ಹೋಂಸ್ಟೇ, ನೀವು ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಒಣಗಿಸಿದ ಬೀಜ) ಕೊಡುವ ಕ್ಯೂರಿಂಗ್ ಘಟಕ, ಎರಡು ತೋಟ ಸೇರಿ ಒಂದೇ ನಮೂನೆಯ ಹಾಳೆ ಇಟ್ಟುಕೊಳ್ಳಿ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಬಿಲ್ಲು ಹಿಡಿದು ಪರಿಶೀಲಿಸಲಿ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ, ಮುಂದಿನ ವರ್ಷ ಇಳಿಸುವ ಒಂದೆರಡು ಬಾಬ್ತು, ಹೊಣೆ ಹೊತ್ತವರ ಹೆಸರು, ಇಷ್ಟೇ ಸಾಕು. ಆ ಹಾಳೆಗಳನ್ನು ನಮಗೆ ಕಳಿಸಿ. ಏರಿದ್ದರೂ ಇಳಿದಿದ್ದರೂ ಇದ್ದದ್ದು ಇದ್ದಂತೆ ಪ್ರತಿ ವರ್ಷ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ, ಅದಕ್ಕೆ ಶುಲ್ಕವಿಲ್ಲ. ಕೊಡಗಿನ ಬೇರೆ ಓದುಗರೂ ಕಳಿಸಬಹುದು. ಹಾಳೆಯ ನಮೂನೆ ಬೇಕಿದ್ದರೆ ಒಂದು ಸಾಲು ಬರೆಯಿರಿ, ಅಂಚೆಯಲ್ಲಿ ಕಳಿಸಿಕೊಡುತ್ತೇವೆ.