ಹೆಚ್ಚು ನೀರು ಹಾಕಿದರೆ ಸಾಲದೇ?

ಓದುಗರ ಪತ್ರ: ‘ನಮ್ಮಲ್ಲಿ ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಎರಡೂ ಒಂದೇ ಆವರಣದಲ್ಲಿವೆ. ಬಿಸಿಯೂಟದ ಹಸಿಕಸ ಗೊಬ್ಬರವಾಗುತ್ತಿದೆ. ತರಗೆಲೆಗೆ ಬೆಂಕಿ ಹಚ್ಚುವುದನ್ನೂ ನಿಲ್ಲಿಸಿದ್ದೇವೆ. ಆದರೆ ಪ್ರಯೋಗಾಲಯದ ಸಿಂಕಿನ ಪೈಪು ಹಿತ್ತಲಿನ ಇಂಗುಗುಂಡಿಗೆ ಹೋಗುತ್ತದೆ. ಬಾವಿ ಅಲ್ಲೇ ಹತ್ತಿರ. ಹೆಚ್ಚು ನೀರು ಬಿಟ್ಟು ತೊಳೆದರೆ ಸಾಲದೇ? ಕಪಾಟಿನಲ್ಲಿರುವ, ಚೀಟಿ ಉದುರಿದ ಹಳೆಯ ಬಾಟಲಿಗಳನ್ನು ಮೈದಾನದ ಮೂಲೆಯಲ್ಲಿ ಹೂಳಬಹುದೇ?’
– ರಸಾಯನಶಾಸ್ತ್ರ ಉಪನ್ಯಾಸಕಿ, ಉಡುಪಿ ಜಿಲ್ಲೆ

ಸಂಪಾದಕರ ಉತ್ತರ:

ಮಾನ್ಯರೇ,

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಅದು ಕಾಯುವಂಥದ್ದಲ್ಲ. ದಯವಿಟ್ಟು ಹೂಳಬೇಡಿ. ನಿಮ್ಮ ಕೆಂಪುಕಲ್ಲಿನ ನೆಲ ಮಳೆನೀರನ್ನು ಹೀರಿಕೊಳ್ಳುವ ವೇಗ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಇಂದು ಮೂಲೆಯಲ್ಲಿ ಹೂತ ಬಾಟಲಿ ಒಡೆದ ದಿನ ಅದರೊಳಗಿದ್ದದ್ದು ಬಾವಿಯ ದಾರಿ ಹಿಡಿಯುತ್ತದೆ.

ಇನ್ನು ನೀರಿನ ಮಾತು. ಅನ್ನ, ತರಕಾರಿ ಸಿಪ್ಪೆ, ತರಗೆಲೆ ಇವೆಲ್ಲ ಕೊಳೆಯುತ್ತವೆ. ಸೂಕ್ಷ್ಮಜೀವಿಗಳು ಅವನ್ನು ತಿಂದು ಮಣ್ಣಾಗಿಸುತ್ತವೆ. ಸೀಸ, ಪಾದರಸ, ಕ್ರೋಮಿಯಂ ಮೂಲವಸ್ತುಗಳು. ಅವನ್ನು ಯಾವ ಜೀವಿಯೂ ಒಡೆಯಲಾರದು. ನೀರು ಹೆಚ್ಚು ಸುರಿದರೆ ಅವು ಕಡಿಮೆಯಾಗುವುದಿಲ್ಲ, ಇದ್ದಷ್ಟೇ ಇದ್ದು ಜಾಗ ಬದಲಿಸುತ್ತವೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಪಾದರಸದ ತ್ಯಾಜ್ಯವನ್ನು ಕೊಲ್ಲಿಗೇ ಬಿಟ್ಟಿತ್ತು. ಕಡಲಿನಷ್ಟು ನೀರು ಸಿಕ್ಕರೂ ಅದು ಕರಗಿ ಮರೆಯಾಗಲಿಲ್ಲ. ಚಿಕ್ಕ ಜೀವಿಯಿಂದ ಮೀನಿಗೆ, ಮೀನಿನಿಂದ ಬೆಕ್ಕಿಗೆ, ಮನುಷ್ಯರಿಗೆ ಸಾಂದ್ರವಾಗುತ್ತಾ ಹೋಯಿತು. ಆ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಅದೇ ಊರಿನ ಹೆಸರಿನ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತವೂ ಅದಕ್ಕೆ ಸೇರಿದೆ. ನಿಮ್ಮ ಸಿಂಕನ್ನು ಆ ಕಾರ್ಖಾನೆಗೆ ಹೋಲಿಸುತ್ತಿಲ್ಲ. ಆದರೆ ಲೆಕ್ಕ ಎರಡು ಕಡೆಯೂ ಒಂದೇ.

ಹಾಗೆಂದು ಎಲ್ಲವನ್ನೂ ಕಂಡು ಹೆದರಬೇಕಿಲ್ಲ. ಲೋಹಗಳು ಬೆರೆಯದ, ಬರೀ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಉಳಿದಿದ್ದರೆ ಅದಕ್ಕೆ ಮದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ. ಬಿಸಿಯೂಟದ ಮೊಟ್ಟೆಯ ಚಿಪ್ಪುಗಳನ್ನು ತೊಳೆದು ಒಣಗಿಸಿ ಪುಡಿ ಮಾಡಿಸಿ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಗಲ ಬಾಯಿಯ ಪಾತ್ರೆಯಲ್ಲಿ ಆಮ್ಲವಿರಲಿ, ಕಿಟಕಿ ತೆರೆದಿರಲಿ, ಪುಡಿಯನ್ನು ಚಮಚ ಚಮಚವಾಗಿ ಹಾಕಿ. ಬುಸ್ಸೆಂದು ನೊರೆ ಏಳುತ್ತದೆ. ಆ ನೊರೆ ಅಡಗಿ, ತಳದಲ್ಲಿ ಪುಡಿ ಹಾಗೆಯೇ ಉಳಿದು, ನೀಲಿ ಲಿಟ್ಮಸ್ ಕೆಂಪಾಗದೆ ನಿಂತಾಗ ಧೈರ್ಯವಾಗಿ ಚರಂಡಿಗೆ ಬಿಡಬಹುದು. ಸಲ್ಫ್ಯೂರಿಕ್ ಆಮ್ಲವಾದರೆ ಚಿಪ್ಪಿನ ಮೇಲೆ ಜಿಪ್ಸಂ ಪದರ ಕಟ್ಟಿ ಕ್ರಿಯೆ ನಿಂತುಬಿಡುತ್ತದೆ, ಅದಕ್ಕೆ ವಾಷಿಂಗ್ ಸೋಡಾ ವಾಸಿ. ಅಡುಗೆಮನೆಯ ಕಸ ಪ್ರಯೋಗಾಲಯದ ಕಸವನ್ನು ತೀರಿಸುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು.

ತಾಮ್ರದ ಸಲ್ಫೇಟ್ ದ್ರಾವಣವನ್ನಂತೂ ಕಸವೆಂದೇ ಕರೆಯಬೇಡಿ. ಹತ್ತನೆಯ ತರಗತಿಯವರು ಅದರಲ್ಲಿ ಕಬ್ಬಿಣದ ಮೊಳೆ ಇಟ್ಟು ಸ್ಥಾನಪಲ್ಲಟ ಕ್ರಿಯೆ ನೋಡುತ್ತಾರಲ್ಲ, ಉಳಿದ ದ್ರಾವಣಕ್ಕೂ ಅದೇ ಪಾಠ ಸಲ್ಲುತ್ತದೆ. ಮೊಳೆ ಕಂದುಗೆಂಪಾಗಿ, ನೀಲಿ ತಿಳಿಹಸಿರಾಗುವವರೆಗೆ ಇಟ್ಟರೆ ತಾಮ್ರ ಮೊಳೆಯ ಮೇಲೆ ಕೂತಿರುತ್ತದೆ.

ಸೀಸ, ಬೇರಿಯಂ, ಕ್ರೋಮಿಯಂ ಇರುವ ದ್ರಾವಣಕ್ಕೆ ಮಾತ್ರ ಸಿಂಕಿನ ಬಾಯಿ ಮುಚ್ಚಲೇಬೇಕು. ಅದರ ಪಕ್ಕದಲ್ಲೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನ್ ಇಟ್ಟು, ಏನು ಸುರಿಯಿತೆಂದು ದಿನಾಂಕ ಸಹಿತ ಬರೆಯಿಸಿ. ಬೆಳ್ಳಿಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು, ಇದನ್ನು ಒತ್ತಿ ಹೇಳುತ್ತೇನೆ. ಆಲ್ಡಿಹೈಡ್ ಪರೀಕ್ಷೆಗೆ ಬಳಸುವ, ಬೆಳ್ಳಿಯ ಲವಣದಿಂದ ಮಾಡಿದ ಟಾಲೆನ್ಸ್ ಕಾರಕವನ್ನು ನಾಳೆಗೆಂದು ಎತ್ತಿಡಬೇಡಿ. ಇಟ್ಟಷ್ಟೂ ಅದರಲ್ಲಿ ಸ್ಫೋಟಕ ಸಂಯುಕ್ತ ಹುಟ್ಟುತ್ತದೆ. ಒಣಗಿ ಕಪ್ಪಾದ ಕರೆ ಮುಟ್ಟಿದರೆ ಸಾಕು, ಸಿಡಿಯಬಹುದು. ಪ್ರಯೋಗ ಮುಗಿದ ಗಂಟೆಯಲ್ಲೇ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯವಾಗಿಸಿ, ಬೇರೆಯದೇ ಬಾಟಲಿಗೆ ಸೇರಿಸಿ.

ಆದರೆ ನನ್ನ ಮನಸ್ಸಿನಲ್ಲಿರುವ ನಿಜವಾದ ಉತ್ತರ ಸಿಂಕಿನ ಬಳಿ ಇಲ್ಲ, ಪ್ರಯೋಗದ ಮೇಜಿನ ಮೇಲಿದೆ. ಲವಣ ವಿಶ್ಲೇಷಣೆಯಲ್ಲಿ ಒಂದೊಂದು ಪರೀಕ್ಷೆಗೂ 5 ಮಿಲಿಲೀಟರ್ ಸುರಿಯುವುದು ರೂಢಿ. ದ್ರಾವಣದಲ್ಲಿ ಗಟ್ಟಿಯಾಗಿ ಬೇರ್ಪಡುವ ಪ್ರಕ್ಷೇಪದ ಬಣ್ಣ ನೋಡಲು ಅಷ್ಟೇಕೆ ಬೇಕು? ಡ್ರಾಪರಿನ ಸುಮಾರು 20 ಹನಿಗೆ ಒಂದು ಮಿಲಿಲೀಟರ್. 10 ಹನಿಯಲ್ಲೇ ಬಿಳಿ ಬಿಳಿಯಾಗಿ, ಹಳದಿ ಹಳದಿಯಾಗಿ ಕಾಣುತ್ತದೆ. ಚಿಕ್ಕ ಪ್ರನಾಳ, ಒಂದು ಡ್ರಾಪರು ಇದ್ದರೆ ಆಯಿತು, ನಿಮ್ಮ ಕ್ಯಾನ್ ತುಂಬುವುದು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಗೊಬ್ಬರದ ಗುಂಡಿ ತೋಡಲು ಪಟ್ಟಷ್ಟು ಶ್ರಮವೂ ಇದಕ್ಕೆ ಬೇಡ.

ಪಾದರಸದ ಥರ್ಮಾಮೀಟರುಗಳ ಜಾಗಕ್ಕೆ ಕೆಂಪು ಆಲ್ಕೋಹಾಲಿನವನ್ನು ತರಿಸಿ. ನಾವು ಹೈಸ್ಕೂಲಿನಲ್ಲಿ ಒಡೆದ ಥರ್ಮಾಮೀಟರಿನ ಪಾದರಸವನ್ನು ಅಂಗೈಯಲ್ಲಿ ಉರುಳಿಸಿ ಖುಷಿಪಟ್ಟವರು. ಅದರ ಆವಿ ಕಣ್ಣಿಗೆ ಕಾಣುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಒಡೆದರೆ ಪೊರಕೆ ಹಿಡಿಯಬಾರದು, ಗುಡಿಸಿದರೆ ಹನಿ ಹತ್ತಾಗುತ್ತದೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಡ್ರಾಪರಿನಿಂದ ಹೀರಿ ಗಾಜಿನ ಸೀಸೆಗೆ ಹಾಕಿ ಮೇಲೆ ನೀರು ನಿಲ್ಲಿಸಿ ಮುಚ್ಚಿ. ಬಿರುಕಿನಲ್ಲಿ ಉಳಿದದ್ದರ ಮೇಲೆ ಗಂಧಕದ ಪುಡಿ ಉದುರಿಸಿ.

ಒಡೆದ ಬೀಕರು, ಪ್ರನಾಳಗಳನ್ನು ಗೋಣಿಚೀಲಕ್ಕೆ ತುಂಬದೆ ದಪ್ಪ ಡಬ್ಬಿಯಲ್ಲಿ ಹಾಕಿ, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆಯಿಸಿ. ನಿಮ್ಮದೇ ಜಿಲ್ಲೆಯ ವಂಡ್ಸೆಯಂಥ ಪಂಚಾಯಿತಿಗಳಲ್ಲಿ ಒಣಕಸವನ್ನು ಬೇರ್ಪಡಿಸುವುದು ಮನುಷ್ಯರ ಕೈಗಳು. ಸ್ಯಾನಿಟರಿ ಪ್ಯಾಡಿನ ಬಗ್ಗೆ ನೀವು ಏನೂ ಬರೆದಿಲ್ಲ. ಸರ್ಕಾರದ ‘ಶುಚಿ’ ಯೋಜನೆಯ ಪ್ಯಾಡುಗಳು ಶಾಲೆಗೆ ಬರುತ್ತವೆಂದ ಮೇಲೆ ಬಳಸಿದವು ಹೋಗುವ ದಾರಿಯನ್ನೂ ಶಾಲೆಯೇ ತೋರಿಸಬೇಕು. ಹುಡುಗಿಯರ ಶೌಚಾಲಯದಲ್ಲಿ ಮುಚ್ಚಳದ ಡಬ್ಬಿ, ಸುತ್ತಿ ಹಾಕಲು ಹಳೆಯ ಪತ್ರಿಕೆ ಇಡಿಸಿ; ಪಂಚಾಯಿತಿಯ ವಾಹನಕ್ಕೆ ಅದನ್ನು ಪ್ರತ್ಯೇಕವಾಗಿ ಕೊಡಿ.

ಇನ್ನು ಆ ಕಪಾಟು. ಚೀಟಿಯಿಲ್ಲದ ಬಾಟಲಿಯ ಮುಚ್ಚಳ ತೆರೆದು ವಾಸನೆ ನೋಡಬೇಡಿ, ಅಟೆಂಡರ್ ಕೈಯಲ್ಲಿ ತೆಗೆಸಲೂಬೇಡಿ. ಬೀಗ ಹಾಕಿ, ಹೊರಗಿನಿಂದ ಕಾಣುವಷ್ಟನ್ನು ಪಟ್ಟಿ ಮಾಡಿ: ಬಾಟಲಿ ಎಷ್ಟು, ಪುಡಿಯೋ ದ್ರವವೋ, ಬಣ್ಣ ಯಾವುದು. ಆ ಪಟ್ಟಿಯೊಡನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲಾ ಕಚೇರಿಗೆ ಪ್ರಾಂಶುಪಾಲರ ಸಹಿಯ ಪತ್ರ ಹೋಗಲಿ. ಅಪಾಯಕಾರಿ ತ್ಯಾಜ್ಯವನ್ನು ಸುರಕ್ಷಿತವಾಗಿ ಇಡುವ ಘಟಕ ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿದೆ. ಹತ್ತು ಬಾಟಲಿಗಾಗಿ ಅಲ್ಲಿಂದ ಲಾರಿ ಬರಲಿಕ್ಕಿಲ್ಲ ಎಂಬ ಅಂಜಿಕೆ ನಿಮಗಿದ್ದರೆ ಅದು ಸಹಜ. ಅದಕ್ಕೇ ಒಬ್ಬರೇ ಬರೆಯಬೇಡಿ. ಸುತ್ತಲಿನ ಕಾಲೇಜುಗಳ ಪಟ್ಟಿಗಳನ್ನೂ ಸೇರಿಸಿ, ತಾಲ್ಲೂಕಿಗೊಂದು ಸಂಗ್ರಹದ ದಿನ ಕೇಳಿ. ನೀವು ಕಳುಹಿಸಿದ ಪತ್ರದ ಪ್ರತಿಯನ್ನು ನಮಗೂ ಕಳುಹಿಸಿಕೊಡಿ. ಬರುವ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಅಚ್ಚು ಹಾಕಿಸುತ್ತೇನೆ.