ರೊಟ್ಟಿಯಲ್ಲಿ, ರೊಟ್ಟಿಯಾಗಿ, ರೊಟ್ಟಿಯ ರೂಪದಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಉಡುಪಿ ಸಮೀಪದ ಧರ್ಮಕೇಂದ್ರವೊಂದರ ಗಾಯನ ವೃಂದದಲ್ಲಿ ಹಲವು ವರ್ಷಗಳಿಂದ ಹಾಡುತ್ತಿದ್ದೇನೆ. ಬಲಿಪೂಜೆಯಲ್ಲಿ ಪರಮ ಪ್ರಸಾದ (ಕಮ್ಯೂನಿಯನ್) ಸ್ವೀಕರಿಸುವ ವೇಳೆ ನಾವು ಹಾಡುವ ಒಂದು ಹಾಡಿನಲ್ಲಿ ಯೇಸುಸ್ವಾಮಿ ರೊಟ್ಟಿಯಲ್ಲಿ ಬರುತ್ತಾರೆ ಎಂದಿದೆ, ಇನ್ನೊಂದರಲ್ಲಿ ಅವರು ರೊಟ್ಟಿಯಾದರು ಎಂದಿದೆ, ಮತ್ತೊಂದು ಹಾಡು ಅದನ್ನು ಪ್ರೀತಿಯ ಕುರುಹು ಎಂದು ಕರೆಯುತ್ತದೆ. ಧರ್ಮೋಪದೇಶದ ತರಗತಿಯ ಹುಡುಗಿಯೊಬ್ಬಳು, ‘ಹಾಗಾದರೆ ಅದು ರೊಟ್ಟಿಯೋ, ಯೇಸುವೋ?’ ಎಂದು ಕೇಳಿದಾಗ ನಾನು ತಡವರಿಸಿದೆ. ನಮ್ಮ ಹಾಡುಗಳು ಕಥೋಲಿಕ ಧರ್ಮಸಭೆಯ ಬೋಧನೆಗೆ ಹೊಂದುತ್ತವೆಯೇ?
– ಓದುಗರು, ಕಲ್ಯಾಣಪುರ

ಉತ್ತರ: ಮೊದಲು ಆ ಹುಡುಗಿಗೆ ಉತ್ತರ ಸಲ್ಲಬೇಕು. ಅದು ಯೇಸುಸ್ವಾಮಿಯೇ. ಗುರುಗಳು ‘ಇದು ನನ್ನ ಶರೀರ’ ಎಂದು ಹೇಳುವ ಪ್ರತಿಷ್ಠಾಪನೆಯ ಮಾತುಗಳ ಬಳಿಕ ಬಲಿಪೀಠದ ಮೇಲೆ ರೊಟ್ಟಿಯ ಬಣ್ಣ, ರುಚಿ, ಆಕಾರಗಳು ಉಳಿಯುತ್ತವೆಯೇ ಹೊರತು ರೊಟ್ಟಿ ಉಳಿಯುವುದಿಲ್ಲ. ಧರ್ಮಾಧ್ಯಕ್ಷರೆಲ್ಲ ಸೇರಿದ ಟ್ರೆಂಟ್ ಮಹಾಸಭೆಯು 1551ರ ಅಕ್ಟೋಬರ್ 11ರಂದು ತನ್ನ ಹದಿಮೂರನೆಯ ಅಧಿವೇಶನದಲ್ಲಿ ಕ್ರಿಸ್ತರು ಪರಮ ಪ್ರಸಾದವೆಂಬ ಈ ಸಂಸ್ಕಾರದಲ್ಲಿ ನಿಜವಾಗಿ, ವಾಸ್ತವವಾಗಿ ಮತ್ತು ಸತ್ವತಃ ಇದ್ದಾರೆ ಎಂದು ಸಾರಿತು. ರೊಟ್ಟಿಯ ಇಡೀ ಸತ್ವ (ಹೊರಗೆ ಕಾಣುವ ಬಣ್ಣ, ರುಚಿಗಳಲ್ಲ, ವಸ್ತು ಒಳಗೆ ನಿಜವಾಗಿ ಏನೋ ಅದು) ಅವರ ಶರೀರದ ಸತ್ವವಾಗಿ, ದ್ರಾಕ್ಷಾರಸದ ಇಡೀ ಸತ್ವ ಅವರ ರಕ್ತದ ಸತ್ವವಾಗಿ ಮಾರ್ಪಡುವುದನ್ನು ‘ಸತ್ವಾಂತರ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಕರೆಯುವುದು ಅತ್ಯಂತ ಯೋಗ್ಯವೆಂದೂ ಹೇಳಿತು. ಪದ ಟ್ರೆಂಟ್‌ಗಿಂತ ಹಳೆಯದು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯ ವಿಶ್ವಾಸ ನಿರೂಪಣೆಯಲ್ಲಿಯೇ ಅದು ಬಂದಿದೆ.

ಈ ಅಳತೆಗೋಲನ್ನು ಹಿಡಿದು ನೀವು ಬರೆದ ಮೂರು ಮಾತುಗಳನ್ನು ನೋಡೋಣ. ಕನ್ನಡದಲ್ಲಿ ಇಂಥ ವಿಚಾರದ ಭಾರವೆಲ್ಲ ಪದದ ಕೊನೆಯ ಪ್ರತ್ಯಯದ ಮೇಲೆ ಬೀಳುತ್ತದೆ ಎಂಬುದನ್ನು ಹಾಡು ಬರೆಯುವವರು ಹೆಚ್ಚಾಗಿ ಗಮನಿಸುವುದಿಲ್ಲ. ‘ರೊಟ್ಟಿಯಲ್ಲಿ’ ಎಂದರೆ ಸಪ್ತಮೀ ವಿಭಕ್ತಿ. ಹಾಲಿನಲ್ಲಿ ಸಕ್ಕರೆ ಇದ್ದಂತೆ, ಮನೆಯಲ್ಲಿ ದೀಪ ಇದ್ದಂತೆ, ರೊಟ್ಟಿ ರೊಟ್ಟಿಯಾಗಿಯೇ ಉಳಿದು ಅದರೊಳಗೆ ಕ್ರಿಸ್ತರು ಇದ್ದಾರೆ ಎಂಬ ಅರ್ಥವನ್ನು ಅದು ಕೊಡುತ್ತದೆ. ರೊಟ್ಟಿಯ ಸತ್ವ ಉಳಿಯುತ್ತದೆ, ಅದರೊಂದಿಗೆ ಕ್ರಿಸ್ತರ ಶರೀರವೂ ಇರುತ್ತದೆ ಎಂಬುದು ಪ್ರಾಟೆಸ್ಟಂಟ್ ಸುಧಾರಕ ಲೂಥರರ ಬೋಧನೆಗೆ ಹತ್ತಿರದ ಮಾತು, ಮತ್ತು ಟ್ರೆಂಟ್ ಮಹಾಸಭೆ ತನ್ನ ಎರಡನೆಯ ನಿಯಮದಲ್ಲಿ ಒಪ್ಪದೆ ಬದಿಗಿಟ್ಟದ್ದು ಅದನ್ನೇ. ಬಾಸೆಲ್ ಮಿಷನ್ 1834ರಲ್ಲಿ ಕಾಲಿರಿಸಿದ ಮಂಗಳೂರಿನಲ್ಲಿ ನಮ್ಮ ಪ್ರಾಟೆಸ್ಟಂಟ್ ಸಹೋದರರು ಕನ್ನಡ ಕ್ರೈಸ್ತ ಗೀತೆಗಳಿಗೆ ಮಾಡಿದ ಸೇವೆಯನ್ನು ನಾನು ಗೌರವಿಸುತ್ತೇನೆ; ಆದರೆ ಅವರ ವಿಶ್ವಾಸಕ್ಕೆ ತಕ್ಕುದಾದ ಮಾತು ನಮ್ಮ ವಿಶ್ವಾಸಕ್ಕೂ ತಕ್ಕುದಾಗಬೇಕೆಂದಿಲ್ಲ.

‘ರೊಟ್ಟಿಯಾದರು’ ಎಂಬಲ್ಲಿ ತೊಡಕು ಬೇರೆ. ಇಲ್ಲಿ ಬದಲಾವಣೆಯ ದಿಕ್ಕೇ ತಿರುವುಮುರುವಾಗಿದೆ. ಕ್ರಿಸ್ತರು ರೊಟ್ಟಿಯಾಗುವುದಿಲ್ಲ, ರೊಟ್ಟಿಯೇ ಕ್ರಿಸ್ತರ ಶರೀರವಾಗುತ್ತದೆ. ಭಕ್ತಿಯ ಭಾಷೆಯಲ್ಲಿ, ಅವರು ನಮಗಾಗಿ ಅಷ್ಟು ತಗ್ಗಿ ಬಂದರು ಎಂಬ ಭಾವದಿಂದ ಇದನ್ನು ಹಾಡುತ್ತಾರೆ ಎಂಬುದು ನನಗೆ ತಿಳಿದಿದೆ, ಹಾಡುವವರ ವಿಶ್ವಾಸವನ್ನು ನಾನು ಶಂಕಿಸುವುದಿಲ್ಲ. ಆದರೂ ‘ರೊಟ್ಟಿಯ ರೂಪದಲ್ಲಿ’ ಎಂಬ ಒಂದು ಪದ ಸೇರಿದರೆ ಅದೇ ಭಾವ ಸತ್ಯದ ನೆಲೆಯ ಮೇಲೆ ನಿಲ್ಲುತ್ತದೆ. ರಾಗಕ್ಕೆ ಒಂದೆರಡು ಮಾತ್ರೆ ಹೆಚ್ಚಾಗುವುದೆಂದು ಈ ಪದವನ್ನು ಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

‘ಕುರುಹು’ ಎಂಬ ಪದವನ್ನು ಮಾತ್ರ ನಾನು ದೂಷಿಸಲಾರೆ. ಸಂಸ್ಕಾರವೆಂದರೆ ಕುರುಹೇ. ಟ್ರೆಂಟ್ ಮಹಾಸಭೆ ಅಲ್ಲಗಳೆದದ್ದು ‘ಕುರುಹಾಗಿ ಮಾತ್ರ’ ಇದ್ದಾರೆ ಎಂಬುದನ್ನು. ಆದ್ದರಿಂದ ಹಾಡಿನ ಉಳಿದ ಚರಣಗಳು ಆ ಕುರುಹು ತಾನು ತೋರಿಸುವುದನ್ನೇ ಕೊಡುತ್ತದೆ ಎಂದು ಹೇಳುತ್ತವೆಯೇ ಎಂದು ನೋಡಿ. ಹೇಳಿದರೆ ಹಾಡು ನಿರ್ದೋಷ. ಇಡೀ ಹಾಡು ನೆನಪು, ಪ್ರೀತಿ, ಹಂಚಿ ತಿನ್ನುವ ಸಂತೋಷ ಇಷ್ಟರಲ್ಲೇ ಮುಗಿದರೆ ಅದು ಯಾವುದೇ ಸ್ನೇಹದ ಊಟಕ್ಕೂ ಹೊಂದುವ ಹಾಡು.

ಇಲ್ಲಿ ಒಂದು ಎಚ್ಚರವೂ ಬೇಕು. ‘ರೊಟ್ಟಿ’ ಎಂಬ ಪದ ಕಂಡ ಕೂಡಲೇ ಹಾಡನ್ನು ತಳ್ಳಿಹಾಕುವವರನ್ನೂ ನಾನು ಕಂಡಿದ್ದೇನೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಭುವಿನ ಶರೀರದ ವಿಷಯವನ್ನೇ ಹೇಳುತ್ತಾ ಅದನ್ನು ರೊಟ್ಟಿ ಎಂದು ಕರೆಯುತ್ತಾರೆ. ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುವೇ ತಮ್ಮನ್ನು ಜೀವಂತ ರೊಟ್ಟಿ ಎನ್ನುತ್ತಾರೆ. ನಾಲ್ಕನೆಯ ಉರ್ಬಾನ್ ಜಗದ್ಗುರುಗಳು (ಪೋಪ್) 1264ರಲ್ಲಿ ಪರಮ ಪ್ರಸಾದದ ಮಹೋತ್ಸವವನ್ನು ಇಡೀ ಧರ್ಮಸಭೆಗೆ ವಿಧಿಸಿದಾಗ ಅದಕ್ಕಾಗಿ ಮಧ್ಯಯುಗದ ಧರ್ಮತತ್ವಜ್ಞ ಸಂತ ಥಾಮಸ್ ಅಕ್ವಿನಾಸ್ ರಚಿಸಿದರೆಂದು ಪರಂಪರೆ ಹೇಳುವ ಗೀತೆಗಳಲ್ಲಿಯೂ ‘ದೇವದೂತರ ರೊಟ್ಟಿ’ ಎಂಬ ಮಾತು ಬರುತ್ತದೆ. ಆದರೆ ಅವುಗಳಲ್ಲಿ ಒಂದಾದ ‘ಲಾವ್ದಾ ಸಿಯೋನ್’ ಎಂಬ ಗೀತೆ, ಆ ಮಾತಿನೊಂದಿಗೇ, ಮುರಿಯುವುದು ಕುರುಹು ಮಾತ್ರ, ಕ್ರಿಸ್ತರು ತುಂಡಾಗುವುದಿಲ್ಲ, ಒಬ್ಬರು ಪಡೆದರೂ ಸಾವಿರ ಮಂದಿ ಪಡೆದರೂ ಪ್ರತಿಯೊಬ್ಬರೂ ಪಡೆಯುವುದು ಪೂರ್ಣ ಕ್ರಿಸ್ತರನ್ನೇ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತದೆ. ಇಷ್ಟು ಖಚಿತವಾದ ತತ್ವವನ್ನು ಇಷ್ಟು ಹಾಡಬಲ್ಲ ಪದಗಳಲ್ಲಿ ಇಡುವುದು ಸಾಧ್ಯವೆಂದು ತೋರಿಸಿದ ಆ ಗೀತೆಯನ್ನು, ಕನ್ನಡದಲ್ಲಿ ಹಾಡು ಬರೆಯಬಯಸುವ ಪ್ರತಿಯೊಬ್ಬ ಕವಿಯೂ ಒಮ್ಮೆ ಚರಣ ಚರಣವಾಗಿ ಓದಬೇಕು.

ಅಮೆರಿಕದ ಧರ್ಮಾಧ್ಯಕ್ಷರ ಮಂಡಳಿಯ ಧರ್ಮತತ್ವ ಸಮಿತಿಯು 2020ರಲ್ಲಿ ತಮ್ಮ ದೇಶದ ಹಾಡುಗಳನ್ನು ಪರಿಶೀಲಿಸಿ ಹೊರತಂದ ಮಾರ್ಗದರ್ಶಿಯು ಪರಮ ಪ್ರಸಾದದ ಕುರಿತಾದ ಕೊರತೆಗಳನ್ನೇ ಮೊದಲು ಎತ್ತಿಕೊಂಡಿತು. ಇಂಥ ಹಾಡುಗಳನ್ನೇ ಸದಾ ಹಾಡುತ್ತಾ ಬೆಳೆದವರು, ಬಲಿಪೂಜೆಯಲ್ಲಿ ನಾವು ರೊಟ್ಟಿಯಾಗಿಯೇ ಉಳಿಯುವ ರೊಟ್ಟಿಯನ್ನು ಹಂಚಿಕೊಳ್ಳುತ್ತೇವೆ ಎಂದೇ ಕಲಿಯುತ್ತಾರೆ ಎಂಬುದು ಅದರ ಮುಖ್ಯ ಆತಂಕ. ನಿಮ್ಮ ತರಗತಿಯ ಹುಡುಗಿ ಕೇಳಿದ್ದೂ ಅದನ್ನೇ. ಒಂದು ಹಾಡು ಎಲ್ಲವನ್ನೂ ಹೇಳಬೇಕಾಗಿಲ್ಲ. ಆದರೆ ಆಗಮನ ಕಾಲದಿಂದ ಕ್ರಿಸ್ತರಾಜರ ಹಬ್ಬದವರೆಗೆ, ಅಂದರೆ ಆರಾಧನಾ ವರ್ಷವಿಡೀ, ನಿಮ್ಮ ವೃಂದ ಹಾಡುವ ಎಲ್ಲ ಹಾಡುಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿದಾಗ ‘ಬಲಿ’, ‘ಶರೀರ’, ‘ಆರಾಧನೆ’ ಎಂಬ ಪದಗಳು ಎಲ್ಲಿಯೂ ಕಾಣದಿದ್ದರೆ, ಆ ಮೌನ ಒಂದು ಹಾಡಿನ ತಪ್ಪಿಗಿಂತ ದೊಡ್ಡದು.

ನಮ್ಮ ಭಾಷೆ ಈ ವಿಷಯದಲ್ಲಿ ಬಡವಲ್ಲ. ‘ಬಲಿಪೂಜೆ’ ಎಂಬ ಪದವೇ ಟ್ರೆಂಟ್ ಮಹಾಸಭೆ 1562ರಲ್ಲಿ ಬೋಧಿಸಿದ್ದನ್ನು ಹೊತ್ತುಕೊಂಡಿದೆ: ಶಿಲುಬೆಯ ಮೇಲಿನ ಅದೇ ಬಲಿ, ಇಲ್ಲಿ ರಕ್ತ ಸುರಿಸದ ರೀತಿಯಲ್ಲಿ. ‘ಪರಮ ಪ್ರಸಾದ’ವೂ ಹಾಗೆಯೇ. ಉಡುಪಿಯವರಿಗೆ ಪ್ರಸಾದವೆಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ದೇವರಿಗೆ ಅರ್ಪಿತವಾದದ್ದು ದೇವರ ಅನುಗ್ರಹವಾಗಿ ಮರಳಿ ಕೈಗೆ ಬರುವುದು. ‘ಪರಮ’ ಎಂಬ ವಿಶೇಷಣ ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಏಕೆಂದರೆ ಇಲ್ಲಿ ಮರಳಿ ಬರುವುದು ದೇವರ ಕೊಡುಗೆ ಮಾತ್ರವಲ್ಲ, ಕೊಡುವವರೇ. ಹಾಡಿನಲ್ಲಿ ‘ಪರಮ’ವನ್ನು ಬಿಟ್ಟು ಬರಿಯ ‘ಪ್ರಸಾದ’ ಎಂದಾಗ ಏನು ಬಿಟ್ಟುಹೋಗುತ್ತದೆ ಎಂದು ಯೋಚಿಸಿ.

ಪ್ರಶ್ನೆ: ಹಾಗಾದರೆ ನಮ್ಮ ಅಜ್ಜ ಅಜ್ಜಿಯರ ಕಾಲದ ಹಾಡುಗಳೇ ಶುದ್ಧ, ಈಚಿನವು ಸಡಿಲ ಎಂದು ಹೇಳಬಹುದೇ?
– ಓದುಗರು, ಮಂಗಳೂರು

ಉತ್ತರ: ಹೇಳಲಾಗದು. ಯೇಸುವನ್ನು, ಪರಮ ಪ್ರಸಾದವನ್ನು ಕಾಯ್ದಿಡುವ ಪ್ರಸಾದ ಪೆಟ್ಟಿಗೆಯ ಸೆರೆಯಾಳು ಎಂದು ಕರೆಯುವುದು ಹತ್ತೊಂಬತ್ತನೆಯ ಶತಮಾನದ ಭಕ್ತಿಯಲ್ಲಿ ಬಹಳ ಪ್ರೀತಿಯ ಕಲ್ಪನೆಯಾಗಿತ್ತು. ಅವರ ಶರೀರ ಈ ಸಂಸ್ಕಾರದಲ್ಲಿ ಒಂದು ಸ್ಥಳದಲ್ಲಿ ಇರುವ ರೀತಿಯಲ್ಲಿ ಇರುವುದಿಲ್ಲ ಎಂದು ಅಕ್ವಿನಾಸರು ಅದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ವಿವರಿಸಿದ್ದರು. ಮಹಿಮಾಭರಿತ ಕ್ರಿಸ್ತರನ್ನು ಯಾವ ಬೀಗವೂ ಹಿಡಿದಿಡಲಾರದು. ಪ್ರತಿ ಪೂಜೆಯಲ್ಲಿಯೂ ಅವರು ಮತ್ತೆ ಸಾಯುತ್ತಾರೆ ಎನ್ನುವ ಮಾತೂ ತಪ್ಪೇ, ಏಕೆಂದರೆ ಅವರು ತಮ್ಮನ್ನೇ ಒಮ್ಮೆಗೇ ಎಲ್ಲ ಕಾಲಕ್ಕೂ ಅರ್ಪಿಸಿದರು ಎಂದು ಹಿಬ್ರಿಯರಿಗೆ ಬರೆದ ಪತ್ರ ಸ್ಪಷ್ಟವಾಗಿ ಹೇಳುತ್ತದೆ.

ಅತಿಯಾದ ನೇರ ಮಾತಿನಿಂದಲೂ ತೊಡಕಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಯಿದೆ. ಕ್ರಿಸ್ತರು ಈ ಸಂಸ್ಕಾರದಲ್ಲಿ ಸತ್ವತಃ ಇರುವುದನ್ನು ಪ್ರಶ್ನಿಸಿದ ಬೆರೆಂಗಾರ್ ಎಂಬ ಪಂಡಿತರಿಂದ 1059ರಲ್ಲಿ ರೋಮಿನಲ್ಲಿ ಮಾಡಿಸಿದ ಪ್ರಮಾಣದಲ್ಲಿ ಭಕ್ತರು ಕ್ರಿಸ್ತರ ಶರೀರವನ್ನು ಹಲ್ಲುಗಳಿಂದ ಅಗಿಯುತ್ತಾರೆ ಎಂದಿತ್ತು. 1079ರ ಎರಡನೆಯ ಪ್ರಮಾಣದಲ್ಲಿ ಆ ಮಾತು ಇಲ್ಲ, ಅದರ ಜಾಗದಲ್ಲಿ ಸತ್ವದ ಬದಲಾವಣೆಯ ಮಾತು ಬಂದಿದೆ. ಮುಂದೆ ಅಕ್ವಿನಾಸರು ಮೊದಲ ಪ್ರಮಾಣವನ್ನು ವಿವರಿಸುತ್ತಾ, ಹಲ್ಲು ತಾಗುವುದು ಬಾಹ್ಯ ರೂಪಗಳಿಗೆ ಮಾತ್ರ ಎಂದರು.

‘ನಾವೆಲ್ಲರೂ ಒಂದೇ ಶರೀರ’ ಎಂದು ಸಾರುವ ಈಚಿನ ಹಾಡುಗಳನ್ನು ಕೆಲವು ಹಿರಿಯರು ಸಮಾಜಸೇವೆಯ ಹಾಡುಗಳೆಂದು ಬದಿಗಿಡುತ್ತಾರೆ. ಅವುಗಳ ಬೇರು ಪೌಲರು ಕೊರಿಂಥದವರಿಗೆ ಬರೆದ ಅದೇ ಮೊದಲನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿದೆ. ಸಂತ ಅಗಸ್ಟೀನರೂ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ, ನೀವು ಏನನ್ನು ಸ್ವೀಕರಿಸುತ್ತೀರೋ ಅದೇ ಆಗಿರಿ ಎಂದು ಬೋಧಿಸಿದ್ದರು. ಕ್ರಿಸ್ತರ ಶರೀರವನ್ನು ಸ್ವೀಕರಿಸುವುದರಿಂದಲೇ ನಾವು ಒಂದಾಗುತ್ತೇವೆ ಎಂಬ ಕಾರಣವನ್ನು ಆ ಹಾಡು ಮರೆಮಾಚದಿದ್ದರೆ ಅದನ್ನು ಧೈರ್ಯವಾಗಿ ಹಾಡಬಹುದು.

ಪ್ರಶ್ನೆ: ದೋಷ ಕಂಡ ಸಾಲನ್ನು ಗಾಯನ ವೃಂದದವರೇ ತಿದ್ದಬಹುದೇ? ತೀರ್ಮಾನ ಯಾರದು?
– ಓದುಗರು, ಕಾರ್ಕಳ

ಉತ್ತರ: ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನಾ ವಿಧಿಯ ಸಂವಿಧಾನದ 121ನೆಯ ಪರಿಚ್ಛೇದದಲ್ಲಿ, ಹಾಡಿನ ಸಾಹಿತ್ಯ ಸದಾ ಕಥೋಲಿಕ ಬೋಧನೆಗೆ ಅನುಗುಣವಾಗಿರಬೇಕು, ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ವಿಧಿಯ ಮೂಲಗಳಿಂದಲೂ ಆಯ್ದುಕೊಳ್ಳಬೇಕು ಎಂದಿದೆ. ಪರಮ ಪ್ರಸಾದ ಸ್ವೀಕಾರದ ಹಾಡಿಗೆ ಧರ್ಮಾಧ್ಯಕ್ಷರ ಮಂಡಳಿಯ ಒಪ್ಪಿಗೆ ಇರಬೇಕೆಂಬುದು ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳಲ್ಲಿದೆ. ಧರ್ಮಪ್ರಾಂತ್ಯದ ಮಟ್ಟದಲ್ಲಿ ತೀರ್ಮಾನ ಮಂಗಳೂರಿನವರಿಗೆ ಮಂಗಳೂರಿನ ಧರ್ಮಾಧ್ಯಕ್ಷರದು, 2012ರಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಉಡುಪಿಯವರಿಗೆ ಉಡುಪಿಯ ಧರ್ಮಾಧ್ಯಕ್ಷರದು. ಕವಿ ಬದುಕಿದ್ದರೆ ಅವರ ಅನುಮತಿಯಿಲ್ಲದೆ ಅವರ ಸಾಲನ್ನು ಮುರಿಯಬೇಡಿ. ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ ಅವರನ್ನು ಕೇಳಿ. ಒಂದು ಪ್ರತ್ಯಯವನ್ನು ಬದಲಾಯಿಸಲು ಒಪ್ಪದ ಕವಿಯನ್ನು ನಾನು ಇದುವರೆಗೆ ಕಂಡಿಲ್ಲ.

ಒಪ್ಪಿಗೆ ಬರುವವರೆಗೆ ಆ ಹಾಡನ್ನು ಪರಮ ಪ್ರಸಾದದ ವೇಳೆಯಿಂದ ತೆಗೆದು, ಬೇರೆ ಪ್ರಾರ್ಥನಾ ಕೂಟಕ್ಕೆ ಇಟ್ಟುಕೊಳ್ಳಬಹುದು. ಆ ಜಾಗಕ್ಕೆ ಅವಸರದಿಂದ ಇನ್ನೊಂದು ಹಾಡನ್ನು ಹುಡುಕಬೇಕಾಗಿಲ್ಲ. ಪವಿತ್ರ ಗ್ರಂಥದ ಒಂದು ಕೀರ್ತನೆಯನ್ನು ನಿಧಾನವಾಗಿ ಹಾಡಿ, ಸ್ವೀಕಾರದ ಬಳಿಕ ಪೂಜಾವಿಧಿಯೇ ಅವಕಾಶ ಕೊಡುವ ಮೌನವನ್ನು ಮೈಕ್ ಬಂದ್ ಮಾಡಿ ಪೂರ್ತಿಯಾಗಿ ಉಳಿಸಿಕೊಳ್ಳಿ.