ಗಡಿ ಮಂದಿ ದಿನಾ ಬಡದಾಡ್ತಾರೇನು ಅಂತ ಕೇಳಿದ್ರಿ, ನಮ್ಮ ಪೇಟಿ ಮಾಸ್ತರ ಸುದ್ದಿ ಕೇಳ್ರಿ

ನೀವು ಬೆಂಗಳೂರಾಗ ಕುಂತು ಟಿವಿ ನೋಡಿ, ಅಲ್ಲಿ ಕನ್ನಡದವರು ಮರಾಠಿಯವರು ದಿನಾ ಜಗಳ ಆಡ್ತಾರಾ ಅಂತ ಕೇಳಿದ್ರಿ. ಹೌದು ಇಲ್ಲ ಅಂತ ಒಂದ ಮಾತಿನ್ಯಾಗ ಹೇಳಾಕ ನನಗ ಬರಂಗಿಲ್ಲ. ಪೇಟಿ ಮಾಸ್ತರ ಸುದ್ದಿ ಹೇಳತೀನಿ, ಅದರಾಗ ನಿಮಗ ಬೇಕಾದ್ದು ಸಿಕ್ಕರ ತಗೋರಿ.

ಪೇಟಿ ಅಂದ್ರ ಹಾರ್ಮೋನಿಯಂ ರೀ. ನಮ್ಮದು ಅಥಣಿ ಸೀಮಿ, ಜಿಲ್ಲಾ ಬೆಳಗಾವಿ ಖರೆ, ಆದ್ರ ಬೆಳಗಾವಿ ಅಂದ್ರ ನೂರು ಕಿಲೋಮೀಟರ್ ದಾಟತೈತಿ, ಗಡಿ ಆಚೆ ಮಹಾರಾಷ್ಟ್ರದ ಮಿರಜನ ನಮಗ ಹತ್ರ. ಹಂಗಾಗಿ ದವಾಖಾನಿ ಇರಲಿ ಮದವಿ ಜವಳಿ ಇರಲಿ ಪೇಟಿ ರಿಪೇರಿ ಇರಲಿ, ಎಲ್ಲಾಕ್ಕೂ ಮಿರಜನ.

ಮಾಸ್ತರದು ಹೊಟ್ಟಿಪಾಡಿಗೆ ಹಿಟ್ಟಿನ ಗಿರಣಿ. ಅವರ ಖರೇ ಹೆಸರು ರೇಷನ್ ಕಾರ್ಡಿನ್ಯಾಗ ಅಷ್ಟ ಇತ್ತು. ಜ್ವಾಳ ಬೀಸಸಾಕ ಬಂದವರು ಡಬ್ಬಿ ಪಾಳಿಗಿಟ್ಟು ಕಟ್ಟಿ ಮ್ಯಾಲ ಕುಂತರ, ಒಳಗ ಮಾಸ್ತರು ಗಿರಣಿ ಸಪ್ಪಳಕ್ಕ ಸುರ ಹಚ್ಚಿ ಹಾಡಕೋತ ನಿಂತಿರತಿದ್ರು, ಮೈ ತುಂಬ ಹಿಟ್ಟು. ವೋಲ್ಟೇಜ್ ಇಳದ್ರ ಮೀಟರ್ ನೋಡತಿದ್ದಿಲ್ಲ, 'ಇವತ್ತ ಕರೆಂಟ್ ಅರ್ಧ ಸುರ ಕೆಳಗೈತಿ, ಹಿಟ್ಟು ಸಣ್ಣಾಗಂಗಿಲ್ಲ, ನಾಳೆ ಬಾ' ಅಂತಿದ್ರು. ನಾವು ಚ್ಯಾಷ್ಟಿ ಅನಕೊಂಡಿದ್ವಿ. ಆಮ್ಯಾಲ ನಾ ಐಟಿಐಗೆ ಹೋದಾಗ ಗೊತ್ತಾತು, ಲೋಡ್ ಮ್ಯಾಲ ಇದ್ದಾಗ ವೋಲ್ಟೇಜ್ ಬಿದ್ರ ಮೋಟರ್ ಸ್ಪೀಡ್ ಇಳೀತೈತಿ, ಅದರ ಸಪ್ಪಳನೂ ಇಳೀತೈತಿ.

ಅವರ ಹಾಡಿನ ವಹಿ ನೋಡಬೇಕಿತ್ತು ನೀವು. ಮರಾಠಿ ಅಭಂಗ ಎಲ್ಲಾ ಕನ್ನಡ ಅಕ್ಷರದಾಗ ಬರದಾರ, ಯಾಕಂದ್ರ ಕಲತದ್ದು ಕನ್ನಡ ಸಾಲಿ ನಾಲ್ಕನೆತ್ತ, ಮರಾಠಿ ನೀರು ಕುಡದಂಗ ಮಾತಾಡತಿದ್ರು, ಬಾಳಬೋಧ, ಅಂದ್ರ ಮರಾಠಿ ಬರಿಯೋ ದೇವನಾಗರಿ ಅಕ್ಷರ, ಓದು ಅಂದ್ರ ಮಾತ್ರ ತಡವರಸತಿದ್ರು. ಆಚೆ ಕಡೆಯಿಂದ ಕಲಿಯಾಕ ಬರೋ ಹುಡುಗರದು ಉಲ್ಟಾ, ನಮ್ಮ ತತ್ವಪದ ಬಾಳಬೋಧದಾಗ ಬರಕೊಳ್ಳತಿದ್ರು. ಆದ್ರ ಮರಾಠಿಯೊಳಗ ಗಿಡ್ಡ ಎ, ಗಿಡ್ಡ ಒ ಬರಿಯಾಕ ಅಕ್ಷರನ ಇಲ್ಲ ನೋಡ್ರಿ, ಹಿಂಗಾಗಿ 'ಎಲ್ಲಿ' ಹೋಗಿ 'ಏಲ್ಲಿ' ಆಗತಿತ್ತು, 'ಒಳಗ' ಹೋಗಿ 'ಓಳಗ' ಆಗತಿತ್ತು, ಮಂದಿ ನಗತಿದ್ರು. ಮಾಸ್ತರು 'ಜಗ್ಗಿದ್ರ ಜಗ್ಗಲಿ ಬಿಡ್ರಿ, ತಾಳ ತಪ್ಪಿಲ್ಲಲ್ಲ' ಅಂತ ಮುಂದ ನಡಸತಿದ್ರು.

ವರ್ಷ ಪೂರ್ತಿ ಕೆಲಸ ಇತ್ತು ಅವರಿಗೆ. ಶ್ರಾವಣದಾಗ ಮಠದ ಪುರಾಣ, ಆಷಾಢದಾಗ ಪಂಢರಪುರಕ್ಕ ಹೋಗೋ ದಿಂಡಿ, ಬ್ಯಾಸಗಿ ಜಾತ್ರಿಗೆ ಶ್ರೀಕೃಷ್ಣ ಪಾರಿಜಾತದ ಆಟ. ಮೊಹರಂದಾಗ ರಿವಾಯತ ಪದಕ್ಕ ಪೇಟಿ ಬೇಕಾಗಂಗಿಲ್ಲ, ಆದ್ರೂ ಹೋಗಿ ಹುಡುಗರಿಗೆ ಧ್ವನಿ ಎತ್ತಿ ಕೊಟ್ಟು ಬರತಿದ್ರು.

ಪೇಟಿಯವರು ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಅಂತಾರ, ಅಂದ್ರ ಯಾವ ಮನಿಯಿಂದ ಸಾ ಹಿಡಿಯೋದು ಅಂತ, ಮನಿ ಅಂದ್ರ ಪೇಟಿ ಮ್ಯಾಲ ಬೆರಳಿಂದ ಒತ್ತೋ ಪಟ್ಟಿ. ಮರಾಠ್ಯಾರು ಅದನ್ನ ಕಾಳಿ ಏಕ, ಪಾಂಢರಿ ಚಾರ ಅಂತಾರ, ಮನಿ ಅದ. ಭಜನಿ ಮಂದಿಗೆ ಒಂದು ಖೋಡಿ ಚಟ ಐತಿ, ರಾತ್ರಿ ಒಂಬತ್ತಕ್ಕ ಉಮೇದಿನ್ಯಾಗ ಎತ್ತರಕ್ಕ ಹಿಡಿತಾರ, ಹನ್ನೆರಡಕ್ಕ ಗಂಟಲ ಹರಕೊಂಡು ಕುಂದರತಾರ. ಮಾಸ್ತರು ಚಾ ಕುಡಿಯೋವಾಗ ಎಲ್ಲಾರನ್ನೂ ಮಾತಾಡಿಸಿ ಯಾರ ಗಂಟಲ ಹೆಂಗೈತಿ ಅಂತ ತಿಳಕೊಂಡು, ಅರ್ಧ ಸುರ ಇಳಸಿ ಹಿಡಿತಿದ್ರು. ಯಾರಿಗೂ ಹೇಳತಿದ್ದಿಲ್ಲ. ಬೆಳಗಿನ ಕಾಕಡಾರತಿಗೂ ಎಲ್ಲಾರ ಧ್ವನಿ ಉಳದಿರತಿತ್ತು.

ದೊಡ್ಡ ಗಾಯಕರು ಪೇಟಿಗೆ ಮರ್ಯಾದಿ ಕೊಡತಿದ್ದಿಲ್ಲ ಅನ್ನೋದು ಅವರಿಗೆ ಗೊತ್ತಿತ್ತು. ಆಕಾಶವಾಣಿ ಅದನ್ನ 1940ರಾಗ ಹೊರಗ ಹಾಕಿ, 1971ರ ತನಕ ಬಾಗಲ ತಗೀಲಿಲ್ಲ. ಒಂದು ಸುರದಿಂದ ಇನ್ನೊಂದಕ್ಕ ಜಾರಾಕ ಅದಕ್ಕ ಬರಂಗಿಲ್ಲ ಅಂತ ತಕರಾರು, ಅದು ಸುಳ್ಳಲ್ಲ. 'ಜಾರೋದು ಹಾಡೋ ಗಂಟಲದ ಕೆಲಸ, ನಮ್ಮ ಪೇಟಿ ಊರಗೋಲು' ಅಂತಿದ್ರು. ಹಂಗಂತ ಮಿರಜಿಗೆ ಹೋದಾಗೆಲ್ಲಾ ತಂಬೂರಿ ಮಾಡೋರ ಓಣಿಯೊಳಗ ಹೊತ್ತು ಹೋಗೋ ತನಕ ನಿಂದರತಿದ್ರು, ದೊಡ್ಡ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬ್ರು ಮಣ್ಣಾದ ದರ್ಗಾಕ್ಕ ಹೋಗಿ ಕೈ ಮುಗದ ಬಸ್ ಹತ್ತತಿದ್ರು. ನನಗ ಬರೇ ಹಸಿವು ಆಗಿರತಿತ್ತು.

ಜಗಳ ಇಲ್ಲಂತ ಸುಳ್ಳು ಹೇಳಂಗಿಲ್ಲ. ಗದ್ದಲ ಆತಂದ್ರ ಬಸ್ಸು ಗಡಿಗೆ ನಿಂದರತಾವ, ಬೋರ್ಡಿಗೆ ಡಾಂಬರ ಬಳೀತಾರ. ಅಂಥಾದ್ದ ಒಂದು ದಿನ ಆಚೆ ಮಹಾರಾಷ್ಟ್ರದ ಜತ್ತ ಸೀಮಿಯೊಳಗ ಸಪ್ತಾ, ಅಂದ್ರ ಏಳು ದಿನದ ಭಜನಿ ಇತ್ತು, ಅಲ್ಲಿ ಭಾಳ ಊರು ಕನ್ನಡನ ಮಾತಾಡತಾವ ಮತ್ತ, ಬಸ್ಸಿಲ್ಲ ಅಂದ್ರ ಮಾಸ್ತರು ಕೇಳಲಿಲ್ಲ, ಹೊಲದಾಗ ಹಾದು ನಡದ್ವಿ, ಪೇಟಿ ಹೊತ್ತವ ನಾನು, ಹೆಗಲು ಎರಡು ದಿನ ಬ್ಯಾನಿ. ಅಲ್ಲಿ ಹೋದ್ರ ಬೈಗಳ ತಿಂದ್ವಿ, ಯಾಕ ತಡ ಆತು ಅಂತ.

ಹೋದ ವರ್ಷ ದೀಪಾವಳಿ ಮುಂದ ಮಾಸ್ತರು ತೀರಕೊಂಡ್ರು. ನಮ್ಮ ಕಡೆ ಮಣ್ಣು ಮಾಡೋ ತನಕ ರಾತ್ರಿ ಪೂರ್ತಿ ಭಜನಿ ಮಾಡತಾರ. ಅವರ ಪೇಟಿ ಮುಟ್ಟಾಕ ಯಾರಿಗೂ ಧೈರ್ಯ ಆಗಲಿಲ್ಲ, ಬರೇ ತಾಳದ ಮ್ಯಾಲ ಸುರು ಮಾಡಿದ್ರು, ಎಲ್ಲಾರೂ ಮತ್ತ ಎತ್ತರಕ್ಕ ಹಿಡದ್ರು, ಹನ್ನೊಂದಕ್ಕ ಗಂಟಲ ಹೋದ್ವು. ಒಂದು ಗಂಟೆ ಸುಮಾರಿಗೆ ಜತ್ತ ಕಡೆಯಿಂದ ಆ 'ಏಲ್ಲಿ' ಹುಡುಗ ಗಾಡಿ ಮ್ಯಾಲ ಬಂದ, ಕಾಲು ತೊಳಕೊಂಡು ಪೇಟಿ ತಗದ, ಅರ್ಧ ಸುರ ಇಳಸಿ ಹಿಡದ. ಬೆಳಕ ಹರಿಯೋ ತನಕ ನಡೀತು.

ಪೇಟಿ ಈಗ ಗಿರಣಿಯೊಳಗ ಐತಿ, ಹಿಟ್ಟು ಹೊಕ್ಕು ಒಂದು ಸುರ ಮುಚ್ಚೇತಿ, ಮಿರಜಿಗೆ ಒಯ್ಯಬೇಕು. ನೀವು ಬರೋದಾದ್ರ ಶ್ರಾವಣ ಸೋಮವಾರ ಬರ್ರಿ, ಅಷ್ಟರಾಗ ಕೂಡಸಿಕೊಂಡು ಬಂದಿರತೀವಿ.